ಗಾಡಿ ನಿಲ್ಲಿಸಿದ್ದು ನಾನಲ್ಲ

ಮಳೆಗಾಲ ಮುಗಿದ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಮಿರ್ಜಾನ ದಾಟಿ ಕುಮಟಾಕ್ಕೆ ಬರುವ ಹೆದ್ದಾರಿಯ ಬದಿ. ಆಂಬುಲೆನ್ಸಿನಲ್ಲಿ ಇದ್ದವರು ನಾಲ್ವರು—ಹೆರಿಗೆ ನೋವಿನಲ್ಲಿದ್ದ ಹಿರೇಗುತ್ತಿಯ ನಾಗವೇಣಿ, ಅವಳ ಅತ್ತೆ, ಚಾಲಕನಾದ ನೀನು, ನರ್ಸ್ ಆದ ನಾನು. ಗಾಡಿ ನಿಲ್ಲಿಸಲು ಹೇಳಿದ್ದು ನಾನೇ ಎಂದು ಅಂದಿನ ವರದಿಯಲ್ಲಿ ಬರೆದೆ. ವೆಂಕಟ್ರಮಣ, ಅದು ಸುಳ್ಳು.

ನನ್ನ ನಿಯಮ ನಿನಗೆ ಗೊತ್ತಿತ್ತು. ಹೊರಟ ಗಾಡಿ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲಬೇಕು. ನರ್ಸಿಂಗ್ ಹಾಸ್ಟೆಲಿನಲ್ಲಿ ಐದು ಗಂಟೆಯ ಗಂಟೆಗೆ ಎದ್ದು, ಹಾಸಿಗೆಯ ಮೂಲೆ ಮಡಿಸಿ ತೋರಿಸಿ ಕಲಿತವಳು ನಾನು. ಕೈಗಡಿಯಾರ ನೋಡದೆ ನೀರೂ ಕುಡಿಯುತ್ತಿರಲಿಲ್ಲ. ನೀನು ನಗುತ್ತಿದ್ದೆ—"ಸಿಸ್ಟರೇ, ನಿಮ್ಮ ಗಡಿಯಾರ ಹೊಟ್ಟೆಯಲ್ಲಿದ್ದ ಪಾಪುಗೆ ಕಾಣುದಿಲ್ಲ."

ಅಂದು ನಾಗವೇಣಿ ಬಂತು, ಬಂತು ಎಂದಳು. ಇನ್ನು ಹತ್ತೇ ನಿಮಿಷ, ತಡೆದುಕೋ ಎಂದೆ. ಅವಳ ಅತ್ತೆ ನಿಲ್ಲಿಸಿ ಎಂದಾಗ ಸುಮ್ಮನಿರಿ ಎಂದು ಗದರಿದೆ. ಹೆರಿಗೆ ತಡೆದುಕೊಳ್ಳುವಂಥದ್ದೇ? ಅಷ್ಟೂ ತಿಳಿಯದವಳಲ್ಲ ನಾನು, ಆದರೂ—

"ಸಿಸ್ಟರೇ, ನಿಲ್ಲಸ್ತೆ."

"ಬೇಡ. ನಡಿ."

ನೀನು ನಿಲ್ಲಿಸಿದೆ. ಇಳಿದು ಬಂದು ಹಿಂಬಾಗಿಲಿಗೆ ಕಂಬಳಿ ಅಡ್ಡ ಹಿಡಿದು ರಸ್ತೆಯ ಕಡೆ ಮುಖ ಮಾಡಿ ನಿಂತೆ. ಮಗುವಿನ ಕತ್ತಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿದ್ದಿತ್ತು. ಓಡುವ ಗಾಡಿಯಲ್ಲಿ ನನ್ನ ಕೈಯಿಂದ ಅದನ್ನು ಬಿಡಿಸಲಾಗುತ್ತಿರಲಿಲ್ಲ. ಮಗು ಅತ್ತಿತು. ಕಂಬಳಿಯಾಚೆಯಿಂದ ಎಂತ ಮಗು ಎಂದು ನೀನು ಕೇಳಿದೆ. ಹೆಣ್ಣು ಎಂದೆ ನಾನು. "ಆತು. ಈಗ ಹೋಗ್ವ" ಎಂದೆ ನೀನು, ಪೇಟೆಗೆ ಹೊರಟವನ ಹಾಗೆ.

ಶಾಲು, ಪ್ರಶಂಸಾ ಪತ್ರ ನನಗೆ ಬಂದವು. ನೀನು ಚಪ್ಪಾಳೆ ತಟ್ಟಿದೆ.

ಆರು ತಿಂಗಳ ನಂತರ ನಿನ್ನನ್ನು ಭಟ್ಕಳಕ್ಕೆ ಹಾಕುತ್ತಾರೆಂಬ ಸುದ್ದಿ ಬಂತು. ಸಂತೆಗುಳಿಯಲ್ಲಿ ನಿನ್ನ ಹೆಂಡತಿ ಸಾವಿತ್ರಿ ತುಂಬಿದ ಬಸುರಿ. ಒಳ್ಳೆಯ ಕೆಲಸದ ದಾಖಲೆಯಿದ್ದವರನ್ನು ಕುಮಟಾದಲ್ಲೇ ಉಳಿಸುತ್ತಿದ್ದರು. ನೀನು ಬಂದು ಮೆಲ್ಲಗೆ ಕೇಳಿದೆ—"ಆ ದಿನದ್ದು ಒಂದು ಸಾಲು ಬರ್ದು ಕೊಡಿ, ಸಿಸ್ಟರೇ."

"ಬರೆದಾಗಿದೆ" ಎಂದೆ ನಾನು.

'ನಾನು' ಇದ್ದಲ್ಲಿ 'ಚಾಲಕ' ಎಂಬ ಮೂರೇ ಅಕ್ಷರ ಬರೆದಿದ್ದರೂ ಸಾಕಿತ್ತೇನೋ. ನೀನು ತಲೆಯಾಡಿಸಿ ಗಾಡಿ ತೊಳೆಯಲು ಹೋದೆ. ಸಾವಿತ್ರಿಗೆ ನೋವು ಬಂದ ಮಧ್ಯಾಹ್ನ ನೀನು ಭಟ್ಕಳದಲ್ಲಿ ಇನ್ಯಾರನ್ನೋ ಕರೆತರುತ್ತಿದ್ದೆ. ಅವಳನ್ನು ಒಯ್ದದ್ದು ನಮ್ಮ ಗಾಡಿ. ದಾರಿಯುದ್ದಕ್ಕೂ ನನ್ನ ಕೈ ಹಿಡಿದು ನಿನ್ನ ಹೆಸರು ಕರೆದಳು. ಸಂಜೆ ಬಸ್ಸಿನಲ್ಲಿ ಬಂದಿಳಿದ ನೀನು, ಕ್ಷೇಮವಾಗಿದ್ದ ತಾಯಿ-ಮಗುವನ್ನು ನೋಡಿ ನನಗೇ ಕೈ ಮುಗಿದೆ.

ನಿವೃತ್ತಳಾಗಿ ನಾಲ್ಕು ವರ್ಷ. ನಿನ್ನಷ್ಟು ಒಳ್ಳೆಯ ಜೊತೆಗಾರ ನನಗೆ ಮತ್ತೆ ಸಿಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು ಇವತ್ತು ಕಚೇರಿಗೆ ಕಳಿಸಿದೆ. ಹಿರೇಗುತ್ತಿಗೆ ಹೋಗಿ ನಾಗವೇಣಿಗೂ ಅವಳ ಅತ್ತೆಗೂ ಓದಿ ಹೇಳಿದೆ. "ನಮ್ಗೆ ಅವತ್ತೇ ಗೊತ್ತಿತ್ತು, ಸಿಸ್ಟರೇ" ಎಂದಳು ಆ ಮುದುಕಿ.

ಸಂಜೆ ಐದೂವರೆಗೆ ನಿನಗೆ ಕಳಿಸುವ ಪ್ರತಿಯ ಲಕೋಟೆಯ ಮೇಲೆ ವಿಳಾಸ ಬರೆದು ಅಂಟು ಹಚ್ಚಿದೆ.