ಒಂಬತ್ತು ಪಟ್ಟಿ, ಒಂದು ಮಿಂಚುಳ್ಳಿ

ನಮ್ಮ ಮನೆಯ ಟಿವಿ ರಿಮೋಟಿಗೆ ಈಗ ಹನ್ನೊಂದು ವರ್ಷ. ಮೊನ್ನೆಮೊನ್ನೆಯವರೆಗೂ ಅದು ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು. ಹೊದಿಕೆ ಹಳದಿಯಾಗಿತ್ತು, ಗುಂಡಿಗಳ ಮೇಲಿನ ಅಂಕಿ ಕಾಣುತ್ತಿರಲಿಲ್ಲ, ಐದನ್ನು ಒತ್ತಿದರೆ ಎಂಟು ಬರುತ್ತಿತ್ತು. ಆದರೆ ಒಳಗಿನ ರಿಮೋಟು ಹೊಚ್ಚಹೊಸದು ಎಂಬ ನೆಮ್ಮದಿ ನನಗಿತ್ತು. ಫ್ರಿಜ್ಜಿನ ಹಿಡಿ, ವಾಷಿಂಗ್ ಮಷೀನಿನ ಮುಚ್ಚಳ, ಸ್ಕೂಟರಿನ ಸೀಟು, ಎಲ್ಲಕ್ಕೂ ಇದೇ ಮರ್ಯಾದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನನ್ನ ಹೆಂಡತಿ ವಸುಧಾ ಹೇಗೂ ಹೇಳುತ್ತಾಳೆ.

ವಸುಧಾ ಜಯನಗರದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ವಾರವೆಲ್ಲ ಮೈಕ್ರೋಸ್ಕೋಪಿನಲ್ಲಿ ಕಂಡವರ ರಕ್ತ ನೋಡುವ ಕಣ್ಣಿಗೆ ಭಾನುವಾರ ಬೆಳಗ್ಗೆ ಹಕ್ಕಿ ಬೇಕು. ಗಿರಿನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಪುಟ್ಟೇನಹಳ್ಳಿ ಕೆರೆಗೆ ಹೋಗುತ್ತೇವೆ. ಅವಳು ಕ್ಯಾಮೆರಾ ಹಿಡಿದು ಕೆರೆ ಸುತ್ತುತ್ತಾಳೆ, ನಾನು ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂರುತ್ತೇನೆ. ಹೋದ ವರ್ಷ ಯುಗಾದಿಯ ಹೊತ್ತಿಗೆ ಅಲ್ಲಿ ವಾಕಿಂಗ್ ಬರುವವರ ಗುಂಪಿನವರು ಅವಳನ್ನು ಹಿಡಿದರು. ಹೊಸ ವರ್ಷಕ್ಕೆ ಕೆರೆಯ ಹಕ್ಕಿಗಳದ್ದೇ ಒಂದು ಕ್ಯಾಲೆಂಡರ್ ಮಾಡೋಣ, ಹನ್ನೆರಡು ಫೋಟೊ ನೀವೇ ಕೊಡಬೇಕು, ನವೆಂಬರ್ ಮುಗಿಯುವುದರೊಳಗೆ ಪ್ರೆಸ್ಸಿಗೆ ಹೋಗಬೇಕು ಎಂದರು. ನಮ್ಮ ಮದುವೆಯ ಆಮಂತ್ರಣ ಪತ್ರಿಕೆ ಬಿಟ್ಟರೆ ಅವಳ ಹೆಸರು ಬೇರೆಲ್ಲೂ ಅಚ್ಚಾಗಿರಲಿಲ್ಲ. ಹಿಗ್ಗಿನಿಂದ ಒಪ್ಪಿಕೊಂಡಳು. ಆದರೆ ಮನೆಯಲ್ಲಿದ್ದ ಮುದಿ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೊ ತೆರೆಯುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತಿತ್ತು.

"ಒಂದು ಒಳ್ಳೆ ಕಂಪ್ಯೂಟರ್ ಬೇಕು ಕಣ್ರೀ," ಎಂದಳು. ಒಂದೇ ಸಲ ಎಂದಳು. ಅವಳು ಏನನ್ನೂ ಎರಡು ಸಲ ಕೇಳುವವಳಲ್ಲ.

ಆರಿಸುವ ಹೊಣೆಯನ್ನು ನಾನು ಹೊತ್ತುಕೊಂಡೆ. ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನು ನಾನು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಸಾಧಿಸಬಲ್ಲವನಿಗೆ ಇದ್ಯಾವ ಮಹಾ ಎನಿಸಿತು. ಸಿದ್ಧವಾದದ್ದನ್ನು ತರುವುದಕ್ಕಿಂತ ಬಿಡಿಭಾಗ ಆರಿಸಿ ಜೋಡಿಸಿಕೊಂಡರೆ ಅಗ್ಗ ಎಂದೂ ಗೊತ್ತಾಯಿತು. ಇದರ ಹಿಂದೆ ಒಂದು ಗುಟ್ಟೂ ಇತ್ತು, ನಿಮ್ಮಲ್ಲೇ ಇರಲಿ. ಐವತ್ತಮೂರನೆಯ ವಯಸ್ಸಿನಲ್ಲಿ ನನಗೆ ಕಾರ್ ರೇಸಿನ ಆಟದ ಹುಚ್ಚು. ಬನಶಂಕರಿ ಬಸ್ ನಿಲ್ದಾಣದ ಎದುರು ದಿನವೂ ಸ್ಕೂಟರಿನಲ್ಲಿ ಕಾಲೂರಿಕೊಂಡು ತೆವಳುವವನಿಗೆ ಖಾಲಿ ರಸ್ತೆಯೊಂದನ್ನು ಪರದೆಯ ಮೇಲಾದರೂ ಕಾಣುವ ಆಸೆ ತಪ್ಪೇ? ಆಟಕ್ಕೆ ಬೇಕಾದದ್ದು ದೊಡ್ಡ ಗ್ರಾಫಿಕ್ಸ್ ಕಾರ್ಡ್. ಫೋಟೊಗೆ ಬೇಕಾದದ್ದು ಬಣ್ಣವನ್ನು ಇದ್ದಂತೆ ತೋರಿಸುವ ಮಾನಿಟರ್. ನಮ್ಮ ಬಜೆಟ್ಟಿನಲ್ಲಿ ಎರಡೂ ಆಗುತ್ತಿರಲಿಲ್ಲ. ಹೀಗಾಗಿ ನಾನು ಬರೆದ ಪ್ರತಿ ಪಟ್ಟಿಯ ತಲೆಯ ಮೇಲೆ "ವಸುಧಾಳ ಫೋಟೊ ಕೆಲಸಕ್ಕೆ" ಎಂದಿರುತ್ತಿತ್ತು, ಕೆಳಗೆಲ್ಲ ನನ್ನ ಕಾರು ಓಡುತ್ತಿತ್ತು.

ಹಳೆಯ ಕಥೆಯ ಸನ್ಯಾಸಿ ನಿಮಗೆ ಗೊತ್ತಿದ್ದಾನೆ. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು ಸಾಕಿದ, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿದ, ಹಸುವನ್ನು ನೋಡಿಕೊಳ್ಳಲೆಂದು ಮದುವೆಯಾದ. ನಾನು ಹಿಡಿದದ್ದೂ ಅದೇ ದಾರಿ. ದೊಡ್ಡ ಕಾರ್ಡ್ ಹಾಕಿದರೆ ಅದಕ್ಕೆ ಕರೆಂಟು ಉಣಿಸಲು ದೊಡ್ಡ ಪವರ್ ಸಪ್ಲೈ ಬೇಕು, ಎರಡೂ ಹಿಡಿಯಲು ದೊಡ್ಡ ಕ್ಯಾಬಿನೆಟ್ ಬೇಕು, ಬಿಸಿ ಕಳೆಯಲು ಇನ್ನೆರಡು ಫ್ಯಾನ್ ಬೇಕು. ಇಷ್ಟಾದ ಮೇಲೆ ಪ್ರೊಸೆಸರ್ ಬಡಕಲಾಗಿ ಕಾಣುತ್ತದೆ. ಅದನ್ನು ಬದಲಿಸಿದರೆ ಮದರ್‌ಬೋರ್ಡ್ ಹೊಂದುವುದಿಲ್ಲ. ತರ್ಕಶಾಸ್ತ್ರದಲ್ಲಿ ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ಒಂದಕ್ಕೆ ಇನ್ನೊಂದು ಆಧಾರ, ಅದಕ್ಕೆ ಮತ್ತೊಂದು, ಕೊನೆ ಎಂಬುದಿಲ್ಲ. ಈ ದೋಷಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತಿಲ್ಲ ಎಂದು ಪ್ರತಿವರ್ಷ ಕ್ಲಾಸಿನಲ್ಲಿ ಒದ್ದಾಡುತ್ತಿದ್ದೆ. ಆ ಕೊರತೆ ನೀಗಿತು.

ಇಂಟರ್ನೆಟ್ಟಿನ ಪಂಡಿತರನ್ನು ಕೇಳಿದರೆ ಅವರದು ಅಡ್ಡಗೋಡೆಯ ಮೇಲೆ ದೀಪ. ಒಂದು ವಿಡಿಯೋ ಹೌದೆಂದದ್ದನ್ನು ಇನ್ನೊಂದು ಅಲ್ಲವೆನ್ನುತ್ತಿತ್ತು. ಸ್ಟಾಫ್ ರೂಮಿನಲ್ಲಿ ನೋಡಿದೆ, ಸಿಗ್ನಲ್ಲಿನಲ್ಲಿ ನೋಡಿದೆ, ಸತ್ಯನಾರಾಯಣ ಪೂಜೆಯ ಮೂರನೆಯ ಅಧ್ಯಾಯದಲ್ಲಿ ಶಲ್ಯದ ಮರೆಯಲ್ಲಿ ನೋಡಿದೆ. ಬಾಲ ಸುಟ್ಟ ಬೆಕ್ಕಿನಂತೆ ಒಂದು ಪುಟದಿಂದ ಇನ್ನೊಂದಕ್ಕೆ ಓಡಾಡಿದೆ. ಕೆರೆಯ ಬೆಂಚಿನ ಮೇಲೂ ಅದೇ. ವಸುಧಾ ಸುತ್ತು ಮುಗಿಸಿ ಬಂದು, "ರೀ, ಇವತ್ತು ಏನ್ ನೋಡ್ದೆ ಗೊತ್ತಾ?" ಎನ್ನುತ್ತಿದ್ದಳು. "ಒಂದ್ನಿಮಿಷ ಇರು, ಈ ವಿಡಿಯೋ ಮುಗೀಲಿ," ಎನ್ನುತ್ತಿದ್ದೆ. ಅದು ಮುಗಿಯುವಾಗ ಇನ್ನೊಂದು ತಾನಾಗಿ ಶುರುವಾಗುತ್ತಿತ್ತು.

ಕೊಳ್ಳುವ ದಿನವೂ ಹೀಗೆಯೇ ಮುಂದೆ ಹೋಯಿತು. ಆಷಾಢದಲ್ಲಿ ಹೊಸದು ತರಬಾರದು ಎಂದೆ. ಶ್ರಾವಣದಲ್ಲಿ, ಹಬ್ಬದ ಆಫರ್ ಬರಲಿ ಎಂದೆ. ಅಷ್ಟರಲ್ಲಿ ಪಿತೃಪಕ್ಷ ಬಂತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಂಜುಳಾ ಎಂಬವರ ಕಂಪ್ಯೂಟರ್ ಅಂಗಡಿಯಿದೆ. ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ ಪಟ್ಟಿ ತೋರಿಸಿ, ಶನಿವಾರ ನಿಧಾನವಾಗಿ ಬಂದು ಒಯ್ಯುತ್ತೇನೆ ಎಂದು ಹೇಳಿ ಬರುತ್ತಿದ್ದೆ. ಶನಿವಾರ ಬಂದಾಗ, ಶನಿವಾರ ಮನೆಗೆ ಕಬ್ಬಿಣ ತರಬಾರದು ಎಂಬ ನಮ್ಮಮ್ಮನ ಮಾತು ನೆನಪಾಗುತ್ತಿತ್ತು. ಕ್ಯಾಬಿನೆಟ್ಟು ಕಬ್ಬಿಣವಲ್ಲದೆ ಇನ್ನೇನು? ಭಾನುವಾರ ಅಂಗಡಿಗೆ ರಜೆ. ದೇವರಾಣೆಗೂ ನಾನು ಇವನ್ನೆಲ್ಲ ನಂಬುವವನಲ್ಲ. ಆದರೆ ಮೀನಮೇಷ ಎಣಿಸುವವನಿಗೆ ಪಂಚಾಂಗದಷ್ಟು ಒಳ್ಳೆಯ ಸ್ನೇಹಿತ ಬೇರೊಬ್ಬನಿಲ್ಲ.

ಮಂಜುಳಾ ಸ್ಕ್ರೂಡ್ರೈವರನ್ನು ಪೆನ್ನಿನಂತೆ ಕಿವಿಗೆ ಸಿಕ್ಕಿಸಿಕೊಂಡು ಕೂರುವ ಹೆಂಗಸು. ಮಾತು ಅದಕ್ಕಿಂತ ಚೂಪು.

"ಸಾರ್, ಇದು ಎಂಟನೇ ಲಿಸ್ಟು," ಎಂದರು ಒಂದು ಸಂಜೆ. "ಫೋಟೊ ಎಡಿಟಿಂಗ್ ಅಂತೀರ, ಮಾನಿಟರ್ ಮಾತ್ರ ಇರೋದ್ರಲ್ಲಿ ಕಮ್ಮೀದು ಬರ್ದಿದೀರ. ಹಬ್ಬದಡುಗೆ ಮಾಡಿ ಹರಿದಿರೋ ಎಲೆ ಹಾಕ್ದಂಗಾಯ್ತು."

"ಇನ್ನೊಂದ್ಸಲ ಯೋಚ್ನೆ ಮಾಡ್ತೀನಿ ಮೇಡಂ."

"ಮಾಡಿ ಸಾರ್. ಅಷ್ಟೊತ್ತಿಗೆ ಈ ಮಾಡೆಲ್ಲೇ ನಿಂತೋಗಿರತ್ತೆ."

ನವೆಂಬರ್ ಮೂರನೆಯ ವಾರ. ಒಂದು ಬುಧವಾರ ಕಾಲೇಜಿನಿಂದ ಬಂದರೆ ಹಾಲಿನ ತುಂಬ ಪೆಟ್ಟಿಗೆಗಳು. ಒಗೆಯಲು ಹಾಕಿದ್ದ ನನ್ನ ಅಂಗಿಯ ಜೇಬಿನಲ್ಲಿ ಒಂಬತ್ತನೆಯ ಪಟ್ಟಿ ಸಿಕ್ಕಿತಂತೆ. ವಸುಧಾ ಅರ್ಧ ದಿನ ರಜೆ ಹಾಕಿ, ಅಂಗಡಿಗೆ ಹೋಗಿ, ಎಲ್ಲವನ್ನೂ ಕೊಂಡು ಆಟೋದಲ್ಲಿ ತಂದಿದ್ದಳು. ಎಂಟು ತಿಂಗಳಲ್ಲಿ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಗಿಹೋಗಿತ್ತು.

"ಮಾನಿಟರ್ ಒಳ್ಳೇದು ತಗೊಂಡೆ. ಕಾರ್ಡು ಒಂದು ಮೆಟ್ಲು ಕೆಳಗಿಂದು," ಎಂದಳು. "ನಿಮ್ಮ ಕಾರೂ ಓಡತ್ತಂತೆ. ಕೇಳ್ಕೊಂಡೇ ಬಂದೆ."

"ಯಾವ ಕಾರು?" ಎಂದೆ.

ಅವಳು ಕಾಫಿಗೆ ನೀರಿಡಲು ಹೋದಳು. ನನ್ನ ಗುಟ್ಟು ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ ಕೇಳುವ ಧೈರ್ಯ ನನಗಾಗಲಿಲ್ಲ. ನಾಚಿಕೆಯಾಯಿತು. ಅಡುಗೆಮನೆಯಿಂದಲೇ ಅವಳು ಕೂಗಿ ಹೇಳಿದಳು, "ಅಂಗಡಿಯವ್ರೇ ಜೋಡಿಸ್ಕೊಡ್ತೀನಿ ಅಂದ್ರು. ನಮ್ಮ ಮನೆಯವ್ರಿಗೆ ಬರತ್ತೆ, ಬೇಡ ಅಂದೆ."

ಇಂಥ ಮಾತಿಗೆ ತಕ್ಕವನಾಗಬೇಡವೇ? ಎರಡು ಸಂಜೆ ಕೂತು ಜೋಡಿಸಿದೆ. ಪ್ರೊಸೆಸರಿನ ಮೇಲೆ ಕೂರಿಸಬೇಕಾದ ಫ್ಯಾನಿನ ತಳ ನುಣ್ಣಗಿನ ತಾಮ್ರದ್ದು, ಕನ್ನಡಿಯಂತೆ ಮುಖ ಕಾಣುತ್ತಿತ್ತು. ಅದರ ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಅದರ ಮೇಲೆ ಕೆಂಪಕ್ಷರದಲ್ಲಿ ಏನೋ ಬರೆದಿತ್ತು. ಕನ್ನಡಕ ಇನ್ನೊಂದು ಕೋಣೆಯಲ್ಲಿತ್ತು. ಇಷ್ಟು ಚೆಂದದ ತಾಮ್ರಕ್ಕೆ ಗೀರು ಬಿದ್ದರೆ ಏನು ಗತಿ ಎಂದು ಹಾಳೆಯನ್ನು ಹಾಗೆಯೇ ಬಿಟ್ಟು, ಮೇಲೆ ಬಿಸಿ ಸಾಗಿಸುವ ಪೇಸ್ಟ್ ಹಚ್ಚಿ, ಬಿಗಿಯಾಗಿ ಕೂರಿಸಿದೆ. ಬಲ್ಲವರು ಈಗಾಗಲೇ ತಲೆ ಚಚ್ಚಿಕೊಳ್ಳುತ್ತಿರುತ್ತೀರಿ.

ಕಂಪ್ಯೂಟರ್ ಆನ್ ಆಯಿತು. ವಸುಧಾ ಮೊದಲ ಫೋಟೊ ತೆರೆದು ಬಣ್ಣ ತಿದ್ದತೊಡಗಿದಳು. ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ಮತ್ತೆ ಹತ್ತು ನಿಮಿಷ. ತಿದ್ದಿದ್ದೆಲ್ಲ ಪ್ರತಿ ಸಲವೂ ಹೋಗುತ್ತಿತ್ತು. ನಾನು ಪ್ಲಗ್ ಬದಲಿಸಿದೆ, ರ್‍ಯಾಮ್ ಕಿತ್ತು ಮತ್ತೆ ಕೂರಿಸಿದೆ, ಕರೆಂಟಿನವರನ್ನು ಬೈದೆ. ಕೊನೆಗೆ ಬಾಯಿಗೆ ಬಂದದ್ದು ಆಡಿಬಿಟ್ಟೆ. "ಕಾರ್ಡು ಕೆಳಗಿಂದು ತಂದ್ಯಲ್ಲ, ಅದಕ್ಕೇ ಹಿಂಗಾಗಿರೋದು."

ಅವಳು ಮೆಮೊರಿ ಕಾರ್ಡುಗಳನ್ನು ಒಂದೊಂದಾಗಿ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಬಿಡಿ. ಬೇರೆಯವ್ರ ಹತ್ರ ಫೋಟೊ ತಗೊಳ್ಳಿ ಅಂತ ಅವ್ರಿಗೆ ಹೇಳ್ಬಿಡ್ತೀನಿ," ಎಂದಳು. ಮುಚ್ಚಳದ ಆ ಸದ್ದು ನನ್ನ ಎದೆಗೆ ನಾಟಿತು. ಹನ್ನೆರಡು ಫೋಟೊ, ಒಂದು ಹೆಸರು. ಅವಳು ಬಯಸಿದ್ದು ಅಷ್ಟೇ. ಅದನ್ನು ನಾನು ಕೈಯಾರೆ ಕೆಡಿಸುತ್ತಿದ್ದೆ.

ಮರುದಿನ ಬೆಳಗ್ಗೆ ಕ್ಯಾಬಿನೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮಂಜುಳಾ ಅವರ ಅಂಗಡಿಗೆ ಹೋದೆ. ಅವರು ಕಿವಿಯ ಸ್ಕ್ರೂಡ್ರೈವರ್ ತೆಗೆದು ಫ್ಯಾನ್ ಬಿಚ್ಚಿ ತಳ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎರಡು ಉಗುರಿನಲ್ಲಿ ಹಾಳೆಯನ್ನು ಸುಲಿದು, ಬೆಳಕಿಗೆ ಹಿಡಿದರು.

"ಇದನ್ನ ಯಾಕೆ ಬಿಟ್ರಿ ಸಾರ್?"

"ಗೀರು ಬೀಳಬಾರದು ಅಂತ."

"ಒಳಗಿರೋ ಗೀರನ್ನ ಯಾರು ಸಾರ್ ನೋಡೋದು? ಪೇಸ್ಟ್ ಬಿಟ್ರೆ ಮಧ್ಯ ಏನೂ ಇರಬಾರದು. ನೇರ ತಾಕಬೇಕು, ಆಗ್ಲೇ ಬಿಸಿ ಹೊರಗೆ ಹೋಗೋದು. ಪಾಪ, ಒಳಗೊಳಗೇ ಬೇಯ್ತಿತ್ತು."

ಅವರು ಜೋಡಿಸಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಬರುವ ದಾರಿಯಲ್ಲಿ ಆಟೋದವರು ಎದುರಿಗೆ ಆಂಜನೇಯನ ಪಟಕ್ಕೆ ಹೊಸ ಹಾರ ಹಾಕಿದ್ದು ಕಂಡಿತು. ಆಗ ಹೊಳೆಯಿತು, ಅಂದು ಶನಿವಾರ. ತೊಡೆಯ ಮೇಲೆ ಕಬ್ಬಿಣ ಹೊತ್ತು ನಾನು ಮನೆಗೆ ಹೋಗುತ್ತಿದ್ದೆ. ಅಮ್ಮ ಕ್ಷಮಿಸುತ್ತಾಳೆ ಅಂದುಕೊಂಡೆ.

ಮನೆಗೆ ಬಂದವನೇ ವಸುಧಾಳಿಗೆ ಹಾಳೆಯ ವಿಷಯ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಹೋಗಿ ರಿಮೋಟಿನ ಹೊದಿಕೆ ಕಿತ್ತೆಸೆದೆ. ಐದನ್ನು ಒತ್ತಿದರೆ ಐದೇ ಬಂತು.

ಆ ಶನಿವಾರ, ಭಾನುವಾರ ಕಂಪ್ಯೂಟರ್ ಒಂದು ಸಲವೂ ಆರಲಿಲ್ಲ. ಜಂಬುಕೋಳಿಯ ನೇರಳೆ, ನಾಮದ ಕೋಳಿಯ ಹಣೆಯ ಬಿಳಿ ನಾಮ, ಬೆಳಗಿನ ನೀರಿನ ಬೂದು, ಎಲ್ಲವೂ ಇದ್ದಂತೆ ಕಂಡವು. ಪಕ್ಕದಲ್ಲಿ ಕೂತು ನೋಡಿದೆ. ನಾನು ವಾರವಾರವೂ ಹೋಗುತ್ತಿದ್ದ ಕೆರೆ ಇಷ್ಟು ಚೆಂದವೆಂದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ಫೋಟೊ ಆರಿಸಿದ ಮೇಲೆ ಅವಳು ಇನ್ನೊಂದನ್ನು ತೆರೆದಳು. ತಂತಿಬೇಲಿಯ ಮೇಲೆ ಒಂದು ಮಿಂಚುಳ್ಳಿ, ಬೆನ್ನಿನ ನೀಲಿ ಕಣ್ಣಿಗೆ ಹೊಡೆಯುವಂತಿತ್ತು. ಅದರ ಮುಂದೆ ಒಂದೇ ಮಾರು ದೂರದಲ್ಲಿ, ಸ್ವಲ್ಪ ಮಸುಕಾಗಿ, ಬೆಂಚಿನ ಮೇಲೆ ಒಬ್ಬ ಬೋಳುತಲೆಯ ಮನುಷ್ಯ ಫೋನಿನೊಳಗೆ ಮುಖ ಹುದುಗಿಸಿ ಕೂತಿದ್ದ. ಬಹುಶಃ ಯಾವ ಮಾನಿಟರಿನಲ್ಲಿ ನೀಲಿ ಸರಿಯಾಗಿ ಕಾಣುತ್ತದೆ ಎಂದು ಓದುತ್ತಿದ್ದ.

"ಇಂಥವು ಹದಿನಾಲ್ಕಿವೆ," ಎಂದಳು. "ಅದು ಯಾವಾಗ್ಲೂ ಅಲ್ಲೇ ಬಂದು ಕೂರೋದು. ಹೇಳೋಣ ಅಂದ್ರೆ ನಿಮ್ಮ ವಿಡಿಯೋ ಮುಗೀತಿರ್ಲಿಲ್ಲ. ಇದು ಜುಲೈಗೆ."

"ಜುಲೈಗೇ ಯಾಕೆ?"

"ಆಷಾಢ ಅಲ್ವೇನ್ರೀ. ಹೊಸದೇನೂ ತರಬಾರದ ತಿಂಗಳು."

ಕ್ಯಾಲೆಂಡರ್ ಬಂತು. ಹನ್ನೆರಡು ಪುಟದ ಕೆಳಗೂ ವಸುಧಾ ಎಂದು ಅಚ್ಚಾಗಿದೆ. ಕೆರೆಯ ಹತ್ತಿರ ಈಗ ಗುರುತಿಲ್ಲದವರೂ ನನ್ನನ್ನು ಜುಲೈ ಅಂಕಲ್ ಎನ್ನುತ್ತಾರೆ. ಕಾರು ಚೆನ್ನಾಗಿಯೇ ಓಡುತ್ತಿದೆ. ಇನ್ನೂ ಮೇಲಿನ ಕಾರ್ಡೊಂದು ಮಾರುಕಟ್ಟೆಗೆ ಬಂದಿದೆಯಂತೆ, ಕೈ ತುರಿಸುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಹೋದ ಭಾನುವಾರ ಫೋನನ್ನು ಮನೆಯಲ್ಲೇ ಬಿಟ್ಟು ಹೋದೆ. ಬೆಂಚಿನ ಮೇಲೆ ಕೂತೆ. ಕೈ ಜೇಬಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಅತ್ತ ನೋಡಿದೆ, ಇತ್ತ ನೋಡಿದೆ, ಹಿಂದಿನ ಬೇಲಿಯನ್ನು ನಾಲ್ಕು ಸಲ ತಿರುಗಿ ನೋಡಿದೆ. ಯಾವ ಮಿಂಚುಳ್ಳಿಯೂ ಇಲ್ಲ. ಬೇಸತ್ತು ಸುಮ್ಮನೆ ನೀರಿನ ಕಡೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಎದುರಿನಿಂದ ವಸುಧಾಳ ಪಿಸುದನಿ ಬಂತು. "ರೀ, ಅಲ್ಲಾಡ್ಬೇಡಿ. ಹಿಂದೆ ತಿರುಗ್ಬೇಡಿ."

ತಿರುಗಿದರೆ ಹಾರಿಹೋಗುತ್ತದೆ. ಕತ್ತು ತುರಿಸಿತು, ಕಾಲು ಜೋಮು ಹಿಡಿಯಿತು. ನಾನು ಅಲ್ಲಾಡದೆ, ಒಂದು ಕಣ್ಣು ಮುಚ್ಚಿ ಕ್ಯಾಮೆರಾದ ಹಿಂದೆ ನಗುತ್ತಿದ್ದ ವಸುಧಾಳ ಮುಖವನ್ನೇ ನೋಡುತ್ತ ಕೂತೆ.