ನಲ್ಲಿ ಮಾವನ ಜಗಳ

"ಆ ಮನೇಲಿ ಗಂಡ ಹೆಂಡ್ತಿ ಜಗಳ ಇಲ್ಲಪ್ಪ. ಇರೋದು ಗಂಡನಿಗೂ ದೇವರಿಗೂ" ಎನ್ನುತ್ತಿದ್ದರು ನೆರೆಹೊರೆಯವರು.

ಸುಳ್ಳಲ್ಲ. ನಲ್ಲಿ ರಿಪೇರಿಯ ಮಾವ ಯಾರದೇ ಮನೆಯ ಸಿಂಕಿನಡಿ ತಲೆ ತೂರಿಸಿದರೂ ಶುರು: "ಏನಯ್ಯಾ, ಈ ನಟ್ಟು ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ. ನೀನೂ ಅದರ ಕಡೆಗೇ ಸೇರ್ಕೊಂಡ್ಯಾ?" ಒಮ್ಮೆ ಮನೆಯೊಡತಿಯೊಬ್ಬಳು ಬೈಗುಳ ತನಗೇ ಎಂದು ಹೆದರಿ ಚಹಾ ತಂದಿಟ್ಟಳು. ಮಾವ ಅದನ್ನು ಕುಡಿದು ಮತ್ತೆ ಒಳಗೆ ತೂರಿ, "ನೋಡು, ಎಂಥಾ ಒಳ್ಳೆ ಹೆಂಗಸು. ಇವಳ ಪೈಪಿನ ಮೇಲೇ ಬಿತ್ತಾ ನಿನ್ನ ಕಣ್ಣು?" ಎಂದ.

ಅತ್ತೆಯದು ಬೇರೆಯೇ ದಾರಿ. ಬೆಳಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಕಣ್ಣು ಮುಚ್ಚಿ ನಿಂತರೆ ತುಟಿಯೂ ಅಲುಗದು. ಗಂಡನ ದನಿ ಏರಿದರೆ ಓಡಿ ಬಂದು ಬಾಗಿಲು ಹಾಕುವಳು. "ದೇವರ ಹತ್ರ ಯಾರಾದ್ರೂ ಹೀಗೆ ಮಾತಾಡ್ತಾರಾ? ಕೇಳಿದವರು ಏನಂದ್ಕೋಬೇಕು?"

"ಅವನೇ ಏನೂ ಅಂದ್ಕೊಂಡಿಲ್ಲ. ಊರವರದೇನು?"

ಆದರೆ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ, ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು. ಮಾವನಿಗೆ ಒಂದೇ ಯೋಚನೆ. ತಾನು ಬೈದ ಬೈಗುಳಕ್ಕೆಲ್ಲ ದೇವರು ಇವಳ ಮೇಲೆ ಸೇಡು ತೀರಿಸಿಕೊಂಡರೆ? ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೈ ಜೋಡಿಸಿ ಕೂತ. "ತಾವು ದೊಡ್ಡವರು. ತಾವು ದಯವಿಟ್ಟು..." ಮುಂದಕ್ಕೆ ಗಾಳಿ ತುಂಬಿದ ನಲ್ಲಿಯಂತೆ ಬರೀ ಗೊರಗೊರ.

ಅತ್ತೆಯನ್ನು ಮಲಗಿಸಿದ್ದ ಗಾಲಿಮಂಚ ಅಷ್ಟರಲ್ಲಿ ಪಕ್ಕಕ್ಕೆ ಬಂತು. "ಯಾರ ಹತ್ರ ರೀ ಇಷ್ಟೊಂದು ಮರ್ಯಾದೆ?"

"ದೇವರ ಹತ್ರ ಕಣೇ. ನಿನ್ನ ಥರ."

"ನನ್ನ ಥರ ನಾನು ಕೇಳಿ ಆಯ್ತು. ನೀವು ನಿಮ್ಮ ಥರ ಕೇಳಿ. ಇಲ್ಲಾಂದ್ರೆ ಯಾರೋ ಹೊಸಬ ಅಂದ್ಕೊಂಡು ಅವರು ಆ ಕಡೆ ತಿರುಗಿಬಿಟ್ಟಾರು."

ಆಪರೇಶನ್ ಕೋಣೆಯ ಬಾಗಿಲು ಮುಚ್ಚಿತು. ಆಮೇಲೆ ಮಾವ ಬಾಯಿ ಬಿಟ್ಟ ನೋಡಿ, ಕಾರಿಡಾರಿನ ಗಾಜುಗಳೆಲ್ಲ ಗಡಗಡ. "ಏಯ್, ಅವಳ ಒಂದು ಕೂದಲು ಕೊಂಕಲಿ, ಆಮೇಲೆ ನೋಡ್ಕೋತೀನಿ ನಿನ್ನ." ನರ್ಸ್ ಓಡಿಬಂದಳು. "ಒಳಗೆ ಆಪರೇಶನ್ ನಡೀತಿದೆ ರೀ, ಮೆಲ್ಲಗೆ."

"ನಾನೂ ಅದೇ ಕೆಲಸದಲ್ಲಿದ್ದೀನಮ್ಮ" ಎಂದ ಮಾವ, ಬೆವರೊರೆಸಿಕೊಳ್ಳುತ್ತ.

ಅತ್ತೆ ಗುಂಡುಕಲ್ಲಿನ ಹಾಗೆ ಮನೆಗೆ ಬಂದಳು. ಅಂದಿನಿಂದ ಬಾಗಿಲು ಹಾಕಲು ಓಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮಾವನ ಎದೆ ಸೋತಿತು. ಆ ಮನೆಯಿಂದ ಅವನು ಕೊನೆಯ ಸಲ ಹೊರಟದ್ದು ಸ್ಟ್ರೆಚರಿನ ಮೇಲೆ. ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ಕಾದು ನೆರೆಯವರೆಲ್ಲ ಮೆಟ್ಟಿಲ ಬದಿಗೆ ನಿಂತರು. ಸದ್ದಿಲ್ಲ. ಅತ್ತೆಗೆ ಗಾಬರಿ.

"ಯಾಕೆ ರೀ ಸುಮ್ನಿದ್ದೀರಾ? ಅವರಿಗೇನಾದ್ರೂ ಅನ್ನಿ."

"ಸ್ವಲ್ಪ ಇರೇ. ಇಷ್ಟು ದಿನ ನಾನೇ ಬಡ್ಕೊಂಡೆ. ಈಗ ಅವನು ಮಾತಾಡ್ತಿದ್ದಾನೆ."

"ಏನಂತಾರೆ?"

"ಬೈತಿದ್ದಾನೆ" ಎಂದ ಮಾವ, ಮುಖ ತುಂಬ ನಗುತ್ತ. ಸ್ಟ್ರೆಚರು ಮೆಟ್ಟಿಲ ತಿರುವು ದಾಟಿತು.