ಪುಟಕ್ಕೆ ಬಾರದ ಸಾಲು

ನನ್ನ ದೊಡ್ಡಮ್ಮನಿಗೆ ಸುಮ್ಮನೆ ಕೂತು ಹಾಡಲು ಬರುವುದಿಲ್ಲ. ಕೈ ಆಡುತ್ತಿದ್ದರೆ ಮಾತ್ರ ಪದ ನೆನಪಾಗುತ್ತದೆ. ಹಾಗಾಗಿ ಆ ಚಳಿಗಾಲದ ಭಾನುವಾರಗಳಲ್ಲಿ, ತಮಿಳು ಸೀಮೆಗೆ ಸೇರಿದ ಉದ್ದನಪಲ್ಲಿಯ ಅವಳ ಸೇವಂತಿಗೆ ತೋಟದಲ್ಲಿ ನಾನೂ ಒಂದು ಸಾಲು ಹಿಡಿದು ಹೂ ಬಿಡಿಸುತ್ತಿದ್ದೆ. ಅಂಗಿಯ ಜೇಬಿನಲ್ಲಿದ್ದ ಫೋನು ಹಾಡನ್ನು ತುಂಬಿಕೊಳ್ಳುತ್ತಿತ್ತು. ಬೆಳಗಿನ ಮಂಜಿನಲ್ಲಿ ದೊಡ್ಡಮ್ಮ ಕಾಣುತ್ತಿರಲಿಲ್ಲ, ದನಿಯಷ್ಟೇ ಇರುತ್ತಿತ್ತು. ಕನ್ನಡದಲ್ಲಿ ಶುರುವಾದ ಪದ ನಡುವೆ ತೆಲುಗಿಗೆ ಹೊರಳಿ, ಯಾವಾಗಲೋ ಮತ್ತೆ ಕನ್ನಡಕ್ಕೆ ಬಂದು ಸೇರುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ನನ್ನ ಬುಟ್ಟಿಯಲ್ಲಿ ಹೂವಿಗಿಂತ ಎಲೆಯೇ ಹೆಚ್ಚು.

ಆ ಹಾಡುಗಳನ್ನು ನಾನು ಅಂತರಜಾಲದಲ್ಲಿ ಹಾಕುತ್ತಿದ್ದೆ. ಒಂದೊಂದು ಹಾಡಿಗೂ ಒಂದು ಪುಟ, ಅಂದದ ಅಕ್ಷರಗಳಲ್ಲಿ ಬರೆದ ಚಿತ್ರ. ಅದರ ಕೆಳಗೆ ಸಣ್ಣದಾಗಿ ‘ಮೂಲ ಬರಹ’ ಎಂಬ ಕೊಂಡಿ. ಅದನ್ನು ಒತ್ತಿದರೆ ಬಣ್ಣವಿಲ್ಲದ, ಚಿತ್ರವಿಲ್ಲದ, ಬರಿ ಅಕ್ಷರಗಳ ಕಡತ ತೆರೆಯುತ್ತದೆ. ನನ್ನ ಕಂಪ್ಯೂಟರು ಪುಟ ಕಟ್ಟುವುದು ಆ ಕಡತದಿಂದಲೇ. ಎರಡೂ ಯಾಕೆ ಎಂದು ಯಾರಾದರೂ ಕೇಳಿದರೆ ಭಾಷಣ ಬಿಗಿಯುತ್ತಿದ್ದೆ. ಪುಟ ನಾಳೆ ಕೆಟ್ಟುಹೋದೀತು, ಬರಿ ಅಕ್ಷರ ಎಂಥ ಹಳೆಯ ಫೋನಿನಲ್ಲೂ ತೆರೆಯುತ್ತದೆ, ಬೇಕಾದವರು ಹೊತ್ತೊಯ್ಯಬಹುದು. ಊಟ ಬಡಿಸಿದವನು ಅಡುಗೆಮನೆಯ ಬಾಗಿಲನ್ನೂ ತೆರೆದಿಡಬೇಕು. ಈ ಕೊನೆಯ ಮಾತು ನನಗೇ ಬಹಳ ಹಿಡಿಸಿತ್ತು.

ಅದೇ ಕಡತದಲ್ಲಿ ನನ್ನ ನೆನಪಿಗೆಂದು ಟಿಪ್ಪಣಿಗಳೂ ಇರುತ್ತಿದ್ದವು. ಶೇಕಡಾ ಗುರುತಿನಿಂದ (%) ಶುರುವಾಗುವ ಸಾಲು ಪುಟಕ್ಕೆ ಬರುವುದಿಲ್ಲ, ಕಡತದಲ್ಲಷ್ಟೇ ಉಳಿಯುತ್ತದೆ. ಇಲ್ಲಿ ಕೆಮ್ಮಿದಳು, ಇಲ್ಲಿ ಪಕ್ಕದ ತೋಟದ ಮೋಟಾರು ಶುರುವಾಯಿತು, ಇಂಥವು.

ಒಂದು ಭಾನುವಾರ, ಹಾಡಿನ ಕತೆಯಲ್ಲಿ ಒಲೆಯ ಮುಂದೆ ಕೂತ ಮಗಳು ಬೂದಿಯ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವ ಸಾಲಿಗೆ ಬಂದಾಗ ಹಾಡು ನಿಂತಿತು. ಮಂಜಿನೊಳಗಿಂದ ದೊಡ್ಡಮ್ಮನ ಮಾತು ಬಂತು.

“ಎಂಟನೇ ಕ್ಲಾಸ್ಗೇ ಬುಡಿಸ್ಬುಟ್ಟೆ ಕಣ್ಲಾ ನನ್ ಮಗಳ್ನ. ಹೂ ಬುಡ್ಸಾಕೆ ಕೈ ಸಾಲಾಕಿಲ್ಲ ಅಂತ. ಮೇಷ್ಟ್ರು ಮನೆಗಂಟ ಬಂದು ಕೇಳ್ಕೊಂಡ್ರು. ನಂದೇ ತಪ್ಪು. ಅವ್ಳಿಗೆ ಮಾತ್ರ ಹೇಳ್ಬ್ಯಾಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮನೆಗೆ ಬಂದ ಮೇಲೆ, ಮರೆತುಹೋದೀತೆಂದು, ಅಷ್ಟನ್ನೂ ಅವಳ ಮಾತಿನಲ್ಲೇ ಶೇಕಡಾ ಗುರುತಿನ ಹಿಂದೆ ಬರೆದಿಟ್ಟೆ. ಪುಟದಲ್ಲಿ ಕಾಣುವುದಿಲ್ಲವಲ್ಲ ಎಂಬ ಧೈರ್ಯ.

ಆ ಮಗಳು ನನಗೆ ತಂಗಿ. ಅಮ್ಮನ ಜೊತೆ ಅದೇ ಮನೆಯಲ್ಲಿದ್ದು, ಸೂಳಗಿರಿ ಹತ್ತಿರದ ಕಾರ್ಖಾನೆಗೆ ಹೋಗಿಬರುತ್ತಾಳೆ. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಓದಲು ಬರುವುದು ತಮಿಳು ಮಾತ್ರ. ನಾನು ಗಡಿಯಾಚೆ ಅತ್ತಿಬೆಲೆಯಲ್ಲಿ ಕಲಿತೆ, ಅವಳು ಈಚೆ ತಮಿಳು ಶಾಲೆಯಲ್ಲಿ. ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನ ಲಾರಿಗಳ ಸಾಲು ದಾಟುವಷ್ಟರಲ್ಲಿ ನಮ್ಮಿಬ್ಬರ ಅಕ್ಷರ ಬೇರೆಯಾಗಿತ್ತು. ನನ್ನ ಅಂದದ ಪುಟ ಅವಳ ಕಣ್ಣಿಗೆ ರಂಗೋಲಿಯಷ್ಟೇ.

ಒಂದು ದಿನ ಫೋನಿನಲ್ಲಿ ಅವಳೇ ಹೇಳಿದಳು. ಕೆಳಗಿನ ಬರಿ ಅಕ್ಷರದ ಕಡತವನ್ನು ಇಡಿಯಾಗಿ ನಕಲು ಮಾಡಿ, ಲಿಪಿ ಬದಲಿಸುವ ಆ್ಯಪಿಗೆ ಹಾಕಿದರೆ ಕನ್ನಡ ಹಾಗೇ ತಮಿಳಕ್ಷರವಾಗಿ ಬರುತ್ತದಂತೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕೊರತೆಯನ್ನು ಅವಳ ಕಿವಿ ತುಂಬಿಕೊಳ್ಳುತ್ತಿತ್ತು. ಕಂಪನಿ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಗುಡ್ಡಗಳು ಹಿಂದೆ ಸರಿಯುತ್ತಿರುವಾಗ ಓದುತ್ತಾಳಂತೆ. “ನಿದ್ದೆನೋ ಎಚ್ಚರಾನೋ ಗೊತ್ತಾಗಾಕಿಲ್ಲ ಅಣ್ಣ, ಅಮ್ಮ ಪಕ್ಕದ್ ಸೀಟಲ್ಲಿ ಹಾಡ್ದಂಗೆ ಇರ್ತದೆ,” ಎಂದಳು.

ನಾನು ಹಿಗ್ಗಿಹೋದೆ. ಫೋನಿಟ್ಟ ಮೇಲೆ ಹೊಳೆಯಿತು. ಇಡಿಯಾಗಿ ಎಂದರೆ ಟಿಪ್ಪಣಿಗಳೂ ಸೇರಿ. ಬಾಗಿಲು ತೆರೆದಿಟ್ಟವನು ನಾನೇ, ಒಳಗೆ ಏನಿಟ್ಟಿದ್ದೇನೆಂದು ಮರೆತವನೂ ನಾನೇ. ಆಗಲೇ ಕೂತು ಆ ಸಾಲುಗಳನ್ನು ಅಳಿಸಿದೆ.

ಮರುದಿನ ಅವಳ ಕರೆ ಬಂತು.

“ಅಣ್ಣ, ಬೂದಿ ಪದದಾಗೆ ಅಮ್ಮ ಹೇಳಿದ್ದು ಇತ್ತಲ್ಲ, ಎಲ್ಲೋಯ್ತು?”

ಅಳಿಸಿದ್ದು ನಾನೇ ಎಂದೆ, ಕಾರಣ ಹೇಳಲು ಹೊರಟೆ. ಅವಳು ಕಾಯಲಿಲ್ಲ.

“ನನ್ ತಾವ ಯಾವತ್ತೂ ಅಂಗೆ ಅಂದೋಳಲ್ಲ. ಬಸ್ಸಲ್ಲಿ ದಿನಾ ಅದ್ನೇ ಓದ್ತಿದ್ದೆ. ವಾಪಸ್ ಹಾಕು.”

ಹಾಕಲು ಕೈ ಬರಲಿಲ್ಲ. ಮಾತು ಕೊಟ್ಟಿದ್ದು ದೊಡ್ಡಮ್ಮನಿಗೆ. ಮುಂದಿನ ಭಾನುವಾರ ತೋಟಕ್ಕೆ ಹೋಗಿ, ಸಾಲು ಹಿಡಿದು, ಮಂಜು ನನ್ನ ಮುಖ ಮುಚ್ಚಿರುವಾಗಲೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟೆ. ಬೈದರೆ ಬೈಯಲಿ ಎಂದು ಕಾದೆ. ಹೂ ಬಿಡಿಸುವ ಸದ್ದು ನಿಂತಿತು.

“ಅವ್ಳಿಗೆ ಕನ್ನಡ ಓದಾಕೆ ಬರಾಕಿಲ್ವಲ್ಲ?”

“ತಮಿಳಕ್ಷರ ಮಾಡ್ಕೊಂಡು ಓದವ್ಳೆ ದೊಡ್ಡಮ್ಮ. ವಾಪಸ್ ಹಾಕು ಅಂತಾಳೆ.”

ಮಂಜು ತೆಳುವಾಗಿ ಅವಳ ಸೆರಗು ಕಂಡಿತು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಕೈ.

“ಹಾಕು,” ಎಂದಳು. “ನಾನು ಓದ್ಸಿದ್ದು ಎಂಟನೇ ಕ್ಲಾಸ್ಗಂಟ ಅಷ್ಟೇಯ. ಅಷ್ಟ್ರಾಗೇ ಓದ್ಬುಟ್ಲು ನೋಡು.”